ಎಳ್ಕೊಳ್ಳಿ, ಹಿಡ್ಕೊಳ್ಳಿ, ಬಿಡಿ

ಪರದೇಶದ ಮಕ್ಕಳು ಬರುತ್ತಾರೆಂದು ಅಕ್ಕ ಮೊದಲು ಕೇಳಿದ್ದು ಒಂದು ಮಂಗಳವಾರ ಮಧ್ಯಾಹ್ನ, ಹಲ್ಲಿನಲ್ಲಿ ದಾರ ಕಚ್ಚಿಕೊಂಡು ತಮ್ಮನ ಬನೀನಿಗೆ ಜೇಬು ಹೊಲಿಯುತ್ತಿದ್ದಾಗ. ಬನೀನಿಗೆ ಜೇಬು ಯಾಕೆ ಎಂಬುದೇ ಅವಳಿಗೆ ಬಗೆಹರಿದಿರಲಿಲ್ಲ.

“ಪೆನ್ನಿಗೆ,” ಎಂದಿದ್ದ ತಮ್ಮ.

“ಬನೀನೊಳಗೆ ಪೆನ್ನಿಟ್ಕೊಂಡು ಯಾರಿಗೋ ಗುಟ್ಟಿನ ಕಾಗದ ಬರೀತೀಯ, ಈ ವಯಸ್ಸಲ್ಲಿ?”

“ನೀನು ಹೊಲಿ ಅಕ್ಕಾ. ಉದ್ದ ಒಂದು ಗೇಣಿರಲಿ, ಅಗಲ ಎರಡು ಬೆರಳು ಸಾಕು.”

ಇನ್ನೂ ಕೇಳಿಬಿಟ್ಟಾಳು ಎಂದು ಅವನು ಅಂಗಿಯ ಜೇಬಿನಿಂದ ಮಡಚಿದ ಕಾಗದವೊಂದನ್ನು ಬಿಡಿಸಿದ. ದೂರದ ಯಾವುದೋ ವಿಶ್ವವಿದ್ಯಾಲಯದಿಂದ ಮೂರು ಜನ ವಿದ್ಯಾರ್ಥಿಗಳು ಅವನ ಆಸ್ಪತ್ರೆಗೆ ಬರುವವರಿದ್ದರು. ಆರು ವಾರ. ಬೆಳಿಗ್ಗೆ ಎಕ್ಸ್-ರೇ, ಸಂಜೆ ಸಂಸ್ಕೃತಿ. ಇಬ್ಬರಿಗೆ ದೊಡ್ಡ ಡಾಕ್ಟರ ಮನೆಯಲ್ಲಿ ಜಾಗವಾಗಿತ್ತು, ಒಬ್ಬಳಿಗೆ ಅಕ್ಕನ ಹಿಂದಿನ ಕೋಣೆ ಬೇಕಾಗಿತ್ತು.

“ಸಂಸ್ಕೃತಿ ಅಂದ್ರೆ ನಾನೇನು ಮಾಡ್ಬೇಕು?”

“ಏನೂ ಮಾಡ್ಬೇಡ. ನಾವು ಹೇಗೆ ಬದುಕ್ತೀವಿ ಅಂತ ಅವರು ನೋಡ್ತಾರಂತೆ.”

“ಏಳ್ತೀವಿ, ಬೈಕೋತೀವಿ, ಮಲಗ್ತೀವಿ. ಇದನ್ನ ನೋಡೋಕೆ ಅಷ್ಟು ದೂರದಿಂದ ಬರ್ಬೇಕಾ?”

ತುಂಬಿಸಬೇಕಾದ ಅರ್ಜಿಯೂ ಒಂದಿತ್ತು. ‘ಈ ಮನೆಯಲ್ಲಿ ನಡೆಯುವ ಸಾಂಸ್ಕೃತಿಕ ಚಟುವಟಿಕೆಗಳು’ ಎಂಬಲ್ಲಿ ಐದು ಸಾಲು ಖಾಲಿ ಬಿಟ್ಟಿದ್ದರು. ತಮ್ಮ ತುಂಬ ಹೊತ್ತು ಯೋಚಿಸಿ ‘ಮಾತು’ ಎಂದು ಬರೆದು ರುಜು ಹಾಕಿದ.

ಈ ತಮ್ಮನಿಗೆ ಹೆತ್ತವರು ಇಟ್ಟ ಹೆಸರೊಂದಿತ್ತು, ಆದರೆ ಅದು ಸಂಬಳದ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಊರಿಗೆಲ್ಲ ಅವನು ಉಸಿರಪ್ಪ. ಮೂವತ್ತು ವರ್ಷ ಎಕ್ಸ್-ರೇ ಕೋಣೆಯ ದಪ್ಪ ಬಾಗಿಲಿನ ಹಿಂದೆ ನಿಂತು “ಉಸಿರು ಎಳ್ಕೊಳ್ಳಿ... ಹಿಡ್ಕೊಳ್ಳಿ... ಬಿಡಿ” ಎಂದು ಕೂಗಿ ಕೂಗಿ ಆ ಹೆಸರು ಸಂಪಾದಿಸಿದ್ದ. ಚಿಕ್ಕಂದಿನಲ್ಲೇ ಅವನಿಗೆ ಒಳಗೇನಿದೆ ಎಂದು ನೋಡುವ ಹುಚ್ಚು. ಕೋಳಿಮೊಟ್ಟೆಯನ್ನು ಬಿಸಿಲಿಗೆ ಹಿಡಿಯುತ್ತಿದ್ದ. ಅಕ್ಕನ ಅಂಗೈ ಕೆಳಗೆ ಟಾರ್ಚು ಹಾಕಿ, “ನಿನ್ನೊಳಗೆಲ್ಲ ಬರೀ ಕೆಂಪು ಕಣೆ, ಅದಕ್ಕೇ ನಿಂಗೆ ಕೋಪ ಜಾಸ್ತಿ,” ಎನ್ನುತ್ತಿದ್ದ. ಶಾಲೆಯಲ್ಲಿ ತೇರ್ಗಡೆಯಾಗುವುದು ಅವನ ಹಣೆಯಲ್ಲಿ ಬರೆದಿರಲಿಲ್ಲ. ಆಸ್ಪತ್ರೆಯಲ್ಲಿ ಫಿಲ್ಮಿನ ಪೆಟ್ಟಿಗೆ ಹೊರುವ ಕೆಲಸಕ್ಕೆ ಸೇರಿ, ನೋಡಿ ನೋಡಿ ಕಲಿತು, ಪರೀಕ್ಷೆಯನ್ನೂ ಕಟ್ಟಿ, ಕೊನೆಗೆ ಆ ಕೋಣೆಗೇ ಯಜಮಾನನಾದ.

ಮುಖಗಳು ಅವನಿಗೆ ನೆನಪಿರುತ್ತಿರಲಿಲ್ಲ. ಮೂಳೆಗಳು ಮಾತ್ರ ಮರೆಯುತ್ತಿರಲಿಲ್ಲ. ನಡುರಸ್ತೆಯಲ್ಲಿ ಯಾರನ್ನೋ ನಿಲ್ಲಿಸಿ, “ನೀವ್ಯಾರು ಅಂತ ಗೊತ್ತಾಗ್ಲಿಲ್ಲ, ಆದ್ರೆ ನಿಮ್ಮ ಎಡಗಡೆ ಆರನೇ ಪಕ್ಕೆಲುಬು ಈಗ ಹೇಗಿದೆ?” ಎಂದು ಕೇಳುವವನು. ಒಮ್ಮೆ ಅಂಚೆಯವನಿಗೆ “ಹಿಡ್ಕೊಳ್ಳಿ” ಎಂದವನು ಫೋನು ಬಡಿದುಕೊಂಡಿತೆಂದು ಆಚೆ ಹೋಗಿಬಿಟ್ಟಿದ್ದ. ಅಂಚೆಯವನು ಹೇಳಿದ ಮಾತು ಮೀರದ ಮನುಷ್ಯ. ತಮ್ಮ ಮರಳಿ ಬರುವಷ್ಟರಲ್ಲಿ ಬದನೆಕಾಯಿ ಬಣ್ಣಕ್ಕೆ ತಿರುಗಿದ್ದ.

ಇಷ್ಟು ದೊಡ್ಡ ಕೋಣೆಯ ಯಜಮಾನ ಮನೆಯಲ್ಲಿ ಮಾತ್ರ ಬೆಕ್ಕಿನ ಮುಂದಿನ ಇಲಿ. ಅವನ ಹೆಂಡತಿ, ಎಂದರೆ ಅಕ್ಕನ ನಾದಿನಿ, ಅದೇ ಎಕ್ಸ್-ರೇ ವಿಭಾಗದ ಕಿಟಕಿಯಲ್ಲಿ ಕೂತು ಚೀಟಿ ಬರೆಯುವವಳು. ಗಂಡನ ರಕ್ತದಲ್ಲಿ ಸಕ್ಕರೆ ಏರಿದೆ ಎಂದು ಡಾಕ್ಟರು ಹೇಳಿದ ದಿನದಿಂದ ಅವಳು ಮನೆಯ ಸಕ್ಕರೆಗೆ ಬೀಗ ಹಾಕಿದ್ದಳು, ಕ್ಯಾಂಟೀನಿನವನಿಗೆ ಕಣ್ಣು ಬಿಟ್ಟು ಎಚ್ಚರಿಸಿದ್ದಳು. ಅದರ ಮೇಲೆ, ಅವಳಲ್ಲಿದ್ದ ಆರು ಚಮಚಗಳಲ್ಲಿ, ಹಿಡಿಯ ತುದಿಗೆ ಹೂವು ಕೆತ್ತಿದ ಚಂದದ ಚಮಚಗಳಲ್ಲಿ, ಒಂದು ಕಾಣೆಯಾಗಿ ತಿಂಗಳಾಗಿತ್ತು.

“ನಿಮ್ಮನೆ ಕಡೆ ಏನಾದ್ರೂ ಬಂದಿದೆಯಾ ಅತ್ತಿಗೆ? ನಾನು ಸುಮ್ನೆ ಕೇಳ್ದೆ,” ಎಂದು ವಾರಕ್ಕೊಮ್ಮೆ ಕೇಳುತ್ತಿದ್ದಳು.

“ಬಂದಿದ್ರೆ ಕೂರಿಸಿ ಕಾಫಿ ಕೊಡ್ತಿದ್ದೆ ಕಣೆ,” ಎನ್ನುತ್ತಿದ್ದಳು ಅಕ್ಕ.

ಹುಡುಗಿ ಬಂದಳು. ಬಾಗಿಲಲ್ಲಿ ಬಗ್ಗಿದರೂ ಹಣೆ ಬಡಿದುಕೊಳ್ಳುವಷ್ಟು ಎತ್ತರ, ಉದ್ದ ಕಾಲು, ಉದ್ದ ಕತ್ತು. ಅಕ್ಕ ಅಲ್ಲೇ ಕೊಕ್ಕರೆ ಎಂದು ಹೆಸರಿಟ್ಟಳು. ಕೊಕ್ಕರೆ ಕನ್ನಡವನ್ನು ಪುಸ್ತಕದಿಂದ ಕಲಿತು ಬಂದಿದ್ದಳು. ಬಂದ ಮರುದಿನವೇ ಆ ಪುಸ್ತಕ ಕೈಕೊಟ್ಟಿತು. ಬೆಳಿಗ್ಗೆ ಆಸ್ಪತ್ರೆಗೆ ಹೊರಟವಳು ನೆರೆಯವರಿಂದ ಕೇಳಿ ಕಲಿತಂತೆ “ಅಜ್ಜಿ, ಬರ್ತೀನಿ,” ಎಂದಳು.

“ಹೂಂ, ಬಾ,” ಎಂದಳು ಅಕ್ಕ.

ಕೊಕ್ಕರೆ ತಿರುಗಿ ಒಳಗೆ ಬಂದು ಕುರ್ಚಿಯಲ್ಲಿ ಕೂತಳು. ಅಕ್ಕ ಪಾತ್ರೆ ಉಜ್ಜಿ ಮುಗಿಸಿ ನೋಡಿದರೆ ಇನ್ನೂ ಕೂತೇ ಇದ್ದಾಳೆ!

“ಹೋಗ್ಲಿಲ್ವೇನೆ?”

“ನೀವು ಬಾ ಅಂದ್ರಿ.”

“ಅಯ್ಯೋ ನನ್ನ ಕೊಕ್ಕರೆ! ಬಾ ಅಂದ್ರೆ ಹೋಗು ಅಂತ ಕಣೆ!”

ಹುಡುಗಿ ಅದನ್ನೂ ನೋಟ್ ಪುಸ್ತಕದಲ್ಲಿ ಬರೆದುಕೊಂಡಳು. ಸಂಜೆಯ ಸಂಸ್ಕೃತಿಗೆಂದು ಆ ಪುಸ್ತಕ. ಪಕ್ಕದ ಮನೆಯವಳಿಗೆ ಹೊಟ್ಟೆಕಿಚ್ಚು ಎಂದು ಅಕ್ಕ ಒಂದು ಮಾತು ಆಡಿದ್ದಕ್ಕೆ, ಅವಳಿಗೆ ಬಿಳಿ ಔಷಧಿ ಕುಡಿಸಿ ಹೊಟ್ಟೆಯ ಫೋಟೋ ತೆಗೆಸಬೇಕು, ತಡ ಮಾಡಬಾರದು ಎಂದು ಗಂಭೀರವಾಗಿ ಸಲಹೆ ಕೊಟ್ಟಳು. ಅದೇ ಪಕ್ಕದ ಮನೆಯವಳ ಬೇರೊಂದು ಸುದ್ದಿಯನ್ನು ಹೇಳಿ ಅಕ್ಕ, “ಇದನ್ನ ಯಾರ ಹತ್ರಾನೂ ಉಸಿರು ಬಿಡಬೇಡ,” ಎಂದಳು. ಕೊಕ್ಕರೆ ತಟ್ಟನೆ ಬಾಯಿ ಮೂಗು ಎರಡನ್ನೂ ಮುಚ್ಚಿಕೊಂಡಳು. ಮುಖ ಕೆಂಪಾಯಿತು, ಕಣ್ಣು ಹೊರಗೆ ಬಂದವು. ಅಕ್ಕ ಬೆನ್ನಿಗೆ ಗುದ್ದಿ ಉಸಿರು ಬಿಡಿಸಬೇಕಾಯಿತು.

“ಗುಟ್ಟು ಹೊರಗೆ ಹಾಕೋದಕ್ಕೂ ಉಸಿರು ಬಿಡೋದು ಅಂತೀವಿ ಕಣೆ. ನೀನು ಮೂಗು ಬಿಡು, ಬಾಯಿ ಮುಚ್ಚು.”

ಇನ್ನೊಂದು ಸಂಜೆ ಕೊಕ್ಕರೆ ಮುಖ ಸಪ್ಪಗೆ ಮಾಡಿಕೊಂಡು ಬಂದಳು. ಕತ್ತಲೆ ಕೋಣೆಯಲ್ಲಿ, ಎಂದರೆ ಫಿಲ್ಮು ತೊಳೆಯುವ ಆ ಕೆಂಪು ದೀಪದ ಕೋಣೆಯಲ್ಲಿ, ಉಸಿರಪ್ಪ ಸಾರ್ ಒಂದು ಡಬ್ಬಿಯಿಂದ ಏನೋ ತಿನ್ನುತ್ತಾರೆ, ಡಬ್ಬಿಯ ಮೇಲೆ ‘ವಿಷ’ ಎಂದು ಬರೆದಿದೆ ಎಂದಳು.

“ವಿಷ ಅಲ್ಲ ಕಣೆ, ವಿಷಯ. ಒಂದು ಅಕ್ಷರ ಬಿಟ್ಟು ಓದಿದೀಯ. ಅವನು ವಿಷಯ ಹೇಳ್ತಾನೆ, ನಿಮ್ಮ ತಲೆ ತಿಂತಾನೆ. ಅದನ್ನ ನೀನು ಕಲಸಿಬಿಟ್ಟೆ.”

ಕೊಕ್ಕರೆ ‘ಯ’ ಸೇರಿಸಿ ಬರೆದುಕೊಂಡಳು. ಆದರೂ ಅವಳ ಮುಖದ ಸಪ್ಪೆ ಹೋಗಲಿಲ್ಲ.

ಕೆಲಸದಲ್ಲಿ ಹುಡುಗಿ ಚುರುಕು. ತಮ್ಮನೇ ಹೊಗಳುತ್ತಿದ್ದ. ಯಂತ್ರವನ್ನು ಮಗುವನ್ನು ಎತ್ತಿದಂತೆ ತಿರುಗಿಸುತ್ತಾಳೆ, ಫಿಲ್ಮು ಕನ್ನಡಿಯಂತೆ ಬರುತ್ತದೆ ಎನ್ನುತ್ತಿದ್ದ. ಎಳ್ಕೊಳ್ಳಿ, ಹಿಡ್ಕೊಳ್ಳಿ, ಬಿಡಿ ಎಂಬ ಮೂರು ಮಾತುಗಳನ್ನೂ ಬಾಯಿಪಾಠ ಮಾಡಿಸಿದ್ದ. ಆದರೆ ನಾಲ್ಕನೇ ವಾರ ಅವಳು ಸ್ವಂತ ಬುದ್ಧಿ ಓಡಿಸಿದಳು. ನಿವೃತ್ತ ಹೆಡ್‌ಮಾಸ್ತರರೊಬ್ಬರಿಗೆ ಎರಡು ಫಿಲ್ಮು ತೆಗೆದಾಗಿತ್ತು, ಇನ್ನೊಂದು ಬೇಕಿತ್ತು. ಮುದುಕರು ಸುಸ್ತಾಗಿದ್ದಾರೆ, ಇದೊಂದೇ ಬಾಕಿ ಎಂದು ಸಮಾಧಾನ ಹೇಳೋಣವೆಂದು, ಸಿಹಿಯಾದ ದನಿಯಲ್ಲಿ ಹೇಳಿದಳು:

“ಈಗ ಕೊನೆಯುಸಿರು ಎಳೀರಿ.”

ಹೆಡ್‌ಮಾಸ್ತರರು ಹಿಂದೆ ಗಂಟು ಹಾಕಿದ ಆಸ್ಪತ್ರೆಯ ನಿಲುವಂಗಿಯಲ್ಲೇ ಓಡಿದರು. ಕಾರಿಡಾರು ದಾಟಿ, ಗೇಟು ದಾಟಿ, ಬಸ್ ಸ್ಟಾಪಿನಲ್ಲಿ ನಿಂತರು. ಗಂಟು ಬಿಚ್ಚಿಹೋಗಿತ್ತು. ಅವರ ಚಪ್ಪಲಿ ಎರಡು ದಿನ ಎಕ್ಸ್-ರೇ ಕೋಣೆಯ ಮುಂದೆ ಕಾದು ಕೂತಿತ್ತು. ಮುಂದಿನ ಸರದಿಯ ಹೆಂಗಸು ಇದನ್ನು ಕೇಳಿ ಬೆಂಚಿನ ಮೇಲೆ ಕುಸಿದು, “ಮಕ್ಕಳನ್ನ ಕರೆಸಿ, ಒಂದು ಮಾತು ಹೇಳೋದಿದೆ,” ಎಂದು ಅತ್ತಳು. ಮೂರೇ ದಿನದಲ್ಲಿ ಊರಿಗೆಲ್ಲ ಸುದ್ದಿಯಾಯಿತು: ಆ ಉದ್ದ ಹುಡುಗಿಗೆ ಫಿಲ್ಮು ತೊಳೆಯುವ ಮುಂಚೆಯೇ ಎಲ್ಲ ಕಾಣಿಸುತ್ತದೆಯಂತೆ, ಯಾರ ಕಾಲ ಮುಗಿಯಿತು ಎಂದು ಬಾಯಿಬಿಟ್ಟೇ ಹೇಳುತ್ತಾಳಂತೆ. ಕೊನೆಯುಸಿರು ಮೇಡಂ ಎಂದು ಹೆಸರೂ ಬಿತ್ತು. ಅವಳು ಬಾಗಿಲಲ್ಲಿ ಕಂಡರೆ ಸಾಕು, ಕೆಮ್ಮುತ್ತಿದ್ದವರ ಕೆಮ್ಮು ನಿಂತುಹೋಗುತ್ತಿತ್ತು.

ನಕ್ಕವರೆಲ್ಲ ನಕ್ಕರು. ಕೊಕ್ಕರೆ ಮಾತ್ರ ಅನ್ನ ಬಿಟ್ಟಳು. ಆರನೇ ವಾರ ಅವಳ ವಿಶ್ವವಿದ್ಯಾಲಯದಿಂದ ಪರೀಕ್ಷಕಿ ಬರುವವಳಿದ್ದಳು. ಅವಳ ಕಣ್ಣೆದುರು ಈ ಊರಿನ ಒಬ್ಬರ ಎದೆಯ ಫಿಲ್ಮು ತೆಗೆಯಬೇಕು. ಮಾತೆಲ್ಲ ಕನ್ನಡದಲ್ಲೇ, ಪಕ್ಕದಲ್ಲಿ ಯಾರೂ ಅನುವಾದಿಸುವಂತಿಲ್ಲ. ಉಸಿರು ಅಲ್ಲಾಡಿ ಫಿಲ್ಮು ಮಸುಕಾದರೆ ನಪಾಸು. ಮೈಮೇಲೆ ಲೋಹದ ವಸ್ತು ಇದೆಯೇ ಎಂದು ಕೇಳದೆ ತೆಗೆದರಂತೂ ಮಾತೇ ಇಲ್ಲ, ನೇರ ನಪಾಸು. ನಪಾಸಾದರೆ ಒಂದು ವರ್ಷವೇ ಹೋಯಿತು.

“ನಾನು ನಿಲ್ತೀನಿ ಬಿಡೆ,” ಎಂದಳು ಅಕ್ಕ.

“ಆಗಲ್ಲ ಅಜ್ಜಿ. ಚೀಟಿ ಬೇಕು. ಕಾರಣ ಇಲ್ಲದೆ ಯಾರಿಗೂ ತೆಗೆಯೋ ಹಾಗಿಲ್ಲ. ಕಾರಣ ಇರೋರೆಲ್ಲ ಓಡಿಹೋಗ್ತಾರೆ.”

ಪರೀಕ್ಷೆಯ ದಿನ ಅಕ್ಕ ಧೈರ್ಯಕ್ಕೆಂದು ಜೊತೆಗೆ ಹೋದಳು. ಪರೀಕ್ಷಕಿ ಬೆಳ್ಳಿಕೂದಲಿನ ಗಿಡ್ಡ ಹೆಂಗಸು, ಕೈಯಲ್ಲಿ ಒಂದು ಹಲಗೆ, ಹಲಗೆಗೆ ಸಿಕ್ಕಿಸಿದ ಕಾಗದ. ಸರದಿಯಲ್ಲಿ ಒಬ್ಬನೇ ಒಬ್ಬ ಕೂತಿದ್ದ. ಕೊಕ್ಕರೆಯನ್ನು ಕಂಡದ್ದೇ “ನಂಗೀಗ ಆರಾಮಾಗಿದೆ” ಎಂದು ಎದ್ದು ನಡೆದ. ಪರೀಕ್ಷಕಿ ಗಡಿಯಾರ ನೋಡಿದಳು. ಕೊಕ್ಕರೆಯ ಕತ್ತು ಇನ್ನೂ ಉದ್ದವಾಯಿತು.

ಆಗ ಕಿಟಕಿಯಿಂದ ನಾದಿನಿಯ ದನಿ ಕೇಳಿತು. “ರೀ, ನಿಮ್ದೇ ಬಾಕಿ ಇದೆಯಲ್ರೀ! ಎಕ್ಸ್-ರೇ ಕೆಲಸದವರು ವರ್ಷಕ್ಕೊಂದು ಸಲ ಎದೆ ತೆಗೆಸ್ಕೋಬೇಕು ಅಂತ ಕಾಗದ ಬಂದು ಯಾವ ಕಾಲವಾಯ್ತು? ಮೂರು ವರ್ಷದಿಂದ ತಪ್ಪಿಸ್ಕೋತಿದೀರಿ. ನಾನು ಚೀಟಿ ಬರ್ದಾಯ್ತು.”

“ಒಳ್ಳೇದಾಯ್ತು, ನಿಲ್ಲಿ,” ಎಂದರು ಪರೀಕ್ಷಕಿಯ ಜೊತೆ ಬಂದಿದ್ದ ದೊಡ್ಡ ಡಾಕ್ಟರು.

ತಮ್ಮನ ಮುಖ ನೋಡಿ ಅಕ್ಕನಿಗೆ ಆಶ್ಚರ್ಯವಾಯಿತು. ಊರಿನವರನ್ನೆಲ್ಲ ಆ ಯಂತ್ರದ ಮುಂದೆ ನಿಲ್ಲಿಸಿದವನು ತಾನು ನಿಲ್ಲುವಾಗ ಸಂತೆಗೆ ಹೊರಟ ಕುರಿಯಂತಾಗಿದ್ದ. ಅಂಗಿ ಬಿಚ್ಚಿ ಬನೀನಿನಲ್ಲಿ ನಿಂತ. ನಾದಿನಿ ಚೀಟಿ ಹಿಡಿದುಕೊಂಡು ಬಾಗಿಲಿಗೇ ಬಂದು ನಿಂತಿದ್ದಳು.

“ಮೈಮೇಲೆ ಲೋಹ ಏನಾದ್ರೂ ಇದೆಯಾ?” ಕೊಕ್ಕರೆ ಒಂದೊಂದೇ ಅಕ್ಷರ ಬಿಡಿಸಿ ಕೇಳಿದಳು. “ಉಂಗುರ? ಬೀಗದಕೈ? ಸರ?”

ತಮ್ಮ ಹೆಂಡತಿಯತ್ತ ನೋಡಿದ. “ಏ... ಏನಿಲ್ಲ.”

“ಗದ್ದ ಮೇಲೆ. ಭುಜ ಮುಂದೆ. ಉಸಿರು ಎಳ್ಕೊಳ್ಳಿ... ಹಿಡ್ಕೊಳ್ಳಿ...” ಯಂತ್ರ ಗುಂಯ್ ಎಂದಿತು. “ಬಿಡಿ.”

ಒಂದು ಮಾತೂ ತಪ್ಪಲಿಲ್ಲ. ನಾದಿನಿ ಬೇಸರವಾಗಿ ಕಿಟಕಿಗೆ ವಾಪಸು ಹೋದಳು. ಕೊಕ್ಕರೆ ಫಿಲ್ಮು ತೊಳೆದು, ನೀರು ತೊಟ್ಟಿಕ್ಕುತ್ತಿದ್ದಂತೆಯೇ ತಂದು ದೀಪದ ಪೆಟ್ಟಿಗೆಗೆ ಸಿಕ್ಕಿಸಿದಳು. ಎಲ್ಲರೂ ಮುಂದೆ ಬಗ್ಗಿದರು.

ಪಕ್ಕೆಲುಬುಗಳು ಚೆನ್ನಾಗಿ ಬಂದಿದ್ದವು. ಶ್ವಾಸಕೋಶ ಎರಡೂ ಚೊಕ್ಕವಾಗಿದ್ದವು. ಹೃದಯದ ಮೇಲೆ, ಎದೆಗೆ ಪದಕ ಸಿಕ್ಕಿಸಿದ ಹಾಗೆ, ಬೆಳ್ಳಗೆ ಫಳಫಳ ಹೊಳೆಯುತ್ತ ಒಂದು ಚಮಚ ನಿಂತಿತ್ತು. ಹಿಡಿಯ ತುದಿಯ ಹೂವಿನ ಎಸಳು ಕೂಡ ಎಣಿಸುವ ಹಾಗಿತ್ತು.

ಗೇಣುದ್ದ, ಎರಡು ಬೆರಳಗಲ. ಅಕ್ಕನಿಗೆ ತಾನು ಹೊಲಿದ ಜೇಬು ನೆನಪಾಯಿತು. ವಿಷದ ಡಬ್ಬಿ ನೆನಪಾಯಿತು. ಬಾಗಿಲು ತೆರೆದರೆ ಫಿಲ್ಮು ಹಾಳಾಗುತ್ತದೆ ಎಂದು ಹೆಂಡತಿಯೂ ಕಾಲಿಡದ ಜಾಗ ಇಡೀ ಆಸ್ಪತ್ರೆಯಲ್ಲಿ ಆ ಕತ್ತಲೆ ಕೋಣೆ ಒಂದೇ ಎಂಬುದೂ ಹೊಳೆಯಿತು. ಇಷ್ಟು ದಿನ ಈ ಮಹಾರಾಯ ಕೆಂಪು ದೀಪ ಹಚ್ಚಿಕೊಂಡು ಸಕ್ಕರೆ ಮುಕ್ಕುತ್ತಿದ್ದ!

ಪರೀಕ್ಷಕಿ ಏನೋ ಕೇಳಿದಳು. ದೊಡ್ಡ ಡಾಕ್ಟರು ತಮ್ಮನಿಗೆ ತಿಳಿಸಿದರು: “ಈ ಹುಡುಗಿ ಲೋಹದ ಬಗ್ಗೆ ಕೇಳಿದಳಾ ಇಲ್ಲವಾ? ಅವರಿಗೆ ಭಾಷೆ ಬರಲ್ಲ, ರೋಗಿಯಾಗಿ ನಿಂತ ನೀವೇ ಹೇಳ್ಬೇಕಂತೆ. ಕೇಳಿಲ್ಲ ಅಂದ್ರೆ ನಪಾಸು.”

ಕೊಕ್ಕರೆ ತಮ್ಮನನ್ನೇ ನೋಡುತ್ತ ನಿಂತಳು. ತಮ್ಮ ಕಿಟಕಿಯ ಕಡೆ ನೋಡಿದ. ಕೇಳಿದಳು, ನಾನೇ ಸುಳ್ಳು ಹೇಳಿದೆ ಎಂದರೆ ಹುಡುಗಿ ಪಾಸು. ಆದರೆ ಕಿಟಕಿ ಇರುವುದು ನಾಲ್ಕು ಮಾರು ದೂರದಲ್ಲಿ, ಹೆಂಡತಿಯ ಕಿವಿಯೋ ಪಾತಾಳದ ಪಿಸುಮಾತನ್ನೂ ಹಿಡಿಯುವಂಥದ್ದು. ಸಾಲದೆಂಬಂತೆ, “ಎಷ್ಟು ಹೊತ್ರೀ, ಫಿಲ್ಮ್ ಕವರಿಗೆ ಹಾಕ್ಬೇಕು, ಬಂದೆ,” ಎಂದು ಕುರ್ಚಿ ಸರಿಸಿದ ಸದ್ದೂ ಆಯಿತು.

ಅಕ್ಕ ಹಿಂದೆ ಮುಂದೆ ನೋಡಲಿಲ್ಲ. ಕಾರಿಡಾರಿಗೆ ಹೋಗಿ, ನಾದಿನಿಯ ದಾರಿಗೆ ಅಡ್ಡವಾಗಿ ಬೆಂಚಿನ ಮೇಲೆ ಧೊಪ್ಪನೆ ಬಿದ್ದಳು.

“ಅಯ್ಯೋ, ಕಣ್ಣು ಕತ್ತಲೆ ಬಂತು! ಉಸಿರು ಕಟ್ತಿದೆ!”

“ಅತ್ತಿಗೆ! ಏನಾಯ್ತು ಅತ್ತಿಗೆ! ಬೆಳಿಗ್ಗೆ ಏನಾದ್ರೂ ತಿಂದ್ರಾ?” ಎಂದು ನಾದಿನಿ ಫಿಲ್ಮು ಗಿಲ್ಮು ಮರೆತು ಆಸ್ಪತ್ರೆಯ ಆ ತುದಿಯ ಕ್ಯಾಂಟೀನಿಗೆ ಓಡಿದಳು. ಬೈದರೂ ಕರುಳಿದ್ದವಳು.

ಅವಳ ಚಪ್ಪಲಿಯ ಸದ್ದು ತಿರುವಿನಲ್ಲಿ ಅಡಗಿದ್ದೇ ತಡ, ಒಳಗೆ ತಮ್ಮ ಒಂದೇ ಉಸಿರಿನಲ್ಲಿ ಒಪ್ಪಿಸಿಬಿಟ್ಟ. “ಕೇಳಿದಳು ಸಾರ್, ಉಂಗುರ, ಬೀಗದಕೈ, ಸರ, ಎಲ್ಲ ಕೇಳಿದಳು, ನಾನೇ ಸುಳ್ಳು ಹೇಳಿದೆ, ಡಬ್ಬಿ ಡೆವಲಪರ್ ಬಾಟಲಿ ಹಿಂದೆ ಇದೆ, ವಿಷ ಅಂತ ಬರ್ದಿದೀನಿ.”

“ಸರಿಯಾಗೇ ಬರ್ದಿದೀರಿ,” ಎಂದರು ದೊಡ್ಡ ಡಾಕ್ಟರು. “ನಿಮಗೆ ಅದು ವಿಷವೇ.”

ಕೊಕ್ಕರೆ ಬೆಂಚಿನಿಂದ ಎದ್ದು ಬಾಗಿಲಿಗೆ ಬಂದಿದ್ದ ಅಕ್ಕನತ್ತ ತಿರುಗಿದಳು. “ಅಜ್ಜಿ, ವಿಷಯ ಅಲ್ಲ. ವಿಷ,” ಎಂದಳು, ಗೆದ್ದವಳ ಹಾಗೆ.

ದೊಡ್ಡ ಡಾಕ್ಟರು ಪರೀಕ್ಷಕಿಗೆ ಎಲ್ಲವನ್ನೂ ವಿವರಿಸಿದರು. ಆ ಗಿಡ್ಡ ಹೆಂಗಸು ಹಲಗೆಯನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡಳು, ಭುಜ ಮಾತ್ರ ಕುಣಿಯುತ್ತಿದ್ದವು. ಆಮೇಲೆ ಕಣ್ಣೊರೆಸಿಕೊಂಡು ರುಜು ಹಾಕಿದಳು. ಚಮಚದ ಮರೆಯಲ್ಲಿ ಹೃದಯ ಕಾಣದೆಂದು ಡಾಕ್ಟರು ಇನ್ನೊಂದು ಫಿಲ್ಮು ತೆಗೆಸಿದರು, ಅದು ಕನ್ನಡಿಯಂತೆ ಬಂತು. ಚಮಚದ ಫಿಲ್ಮನ್ನು ಪರೀಕ್ಷಕಿ ತನಗೇ ಬೇಕೆಂದು ಕೇಳಿ, ಸುರುಳಿ ಸುತ್ತಿ ಚೀಲದಲ್ಲಿಟ್ಟುಕೊಂಡಳು. ರೋಗಿ ‘ಏನಿಲ್ಲ’ ಎಂದರೆ ನಂಬಬಾರದು ಎಂದು ಮಕ್ಕಳಿಗೆ ಪಾಠ ಮಾಡಲು ತರಗತಿಯಲ್ಲಿ ತೂಗುಹಾಕುತ್ತಾಳಂತೆ.

ಚಮಚವನ್ನು ತಮ್ಮ ಅಕ್ಕನ ಕೈಗೆ ತುರುಕಿದ. ಅವಳು ಅದನ್ನು ರವಿಕೆಯ ತೋಳಿನೊಳಗೆ ಸರಿಸಿ ಮತ್ತೆ ಬೆಂಚಿಗೆ ಒರಗುವಷ್ಟರಲ್ಲಿ ನಾದಿನಿ ಏದುಸಿರು ಬಿಡುತ್ತ ಬಂದಳು. ಕೈಯಲ್ಲಿ ಒಂದು ಲೋಟ ನೀರು, ತಳದಲ್ಲಿ ನಾಲ್ಕು ಬೆರಳು ಸಕ್ಕರೆ.

“ಕುಡೀರಿ ಅತ್ತಿಗೆ. ತಡೀರಿ, ಕಲಕಬೇಕು. ಆ ಕ್ಯಾಂಟೀನಲ್ಲಿ ಒಂದು ಚಮಚಾನೂ ಇಲ್ಲ. ಯಾರ ಹತ್ರ ಆದ್ರೂ ಚಮಚ ಇದೆಯಾ?”

ದೊಡ್ಡ ಡಾಕ್ಟರು ಮೇಲೆ ಫ್ಯಾನು ನೋಡಿದರು. ತಮ್ಮ ಲೋಟದ ತಳದ ಸಕ್ಕರೆಯನ್ನು ನೋಡಿದ. ಕೊನೆಗೆ ಕೊಕ್ಕರೆ ತನ್ನ ಪೆನ್ನಿನಲ್ಲಿ ಕಲಕಿ ಕೊಟ್ಟಳು. ಅಕ್ಕ ಶಾಯಿಯ ವಾಸನೆಯ ಆ ಪಾನಕವನ್ನು ಕೊನೆಯ ಹನಿಯವರೆಗೂ ಕುಡಿದು, ಜೀವ ಬಂತು ಎಂದಳು.

ಕೊಕ್ಕರೆ ಊರಿಗೆ ಹೊರಟ ದಿನ “ಅಜ್ಜಿ, ಬರ್ತೀನಿ,” ಎಂದಳು. ಅಕ್ಕ “ಬಾ” ಎಂದಳು. ಹುಡುಗಿ ಹೋದಳು. ಅಷ್ಟು ಕಲಿತಿದ್ದಳು.

ಚಮಚ ಅಕ್ಕನ ಹೊಲಿಗೆ ಯಂತ್ರದ ಡ್ರಾಯರಿನಲ್ಲಿ ಉಳಿಯಿತು. ಹಿಂದಿರುಗಿಸಲು ದಾರಿಯೇ ಕಾಣಲಿಲ್ಲ. ಬನೀನಿನ ಜೇಬನ್ನು ಅವಳೇ ಬಿಚ್ಚಿ ಹಾಕಿದಳು. ತಮ್ಮ ಆಮೇಲೆ ಸಕ್ಕರೆ ಬಿಟ್ಟನೋ, ಬೆರಳಿನಲ್ಲೇ ನೆಕ್ಕುತ್ತಿದ್ದನೋ, ಅವಳು ಕೆದಕಲಿಲ್ಲ. ಎರಡು ವರ್ಷದ ಮೇಲೆ ಅವನು ನಿವೃತ್ತನಾಗಿ, ಗಂಡ ಹೆಂಡತಿ ಮಗಳಿದ್ದ ಊರಿಗೆ ಹೊರಟರು. ಸಾಮಾನು ಕಟ್ಟುವಾಗ ನಾದಿನಿ ಒಂದು ಪೊಟ್ಟಣ ತಂದು ಅಕ್ಕನ ಕೈಯಲ್ಲಿಟ್ಟಳು.

“ಐದು ಚಮಚ ಇಟ್ಕೊಂಡು ನಾನೇನು ಮಾಡ್ಲಿ ಅತ್ತಿಗೆ, ಜೋಡಿ ತಪ್ಪಿದೆ. ನೀವೇ ಇಟ್ಕೊಳ್ಳಿ. ಆರನೇದು ಸಿಕ್ಕಿದ್ರೆ ನಿಮ್ಮ ಪುಣ್ಯ.”

ಅಕ್ಕ ಹೂಂ ಎಂದಳು, ಕಣ್ಣು ಮಾತ್ರ ಹೊಲಿಗೆ ಯಂತ್ರದ ಕಡೆ ಹೋಗದಂತೆ ನೋಡಿಕೊಂಡಳು.

ಬಸ್ಸು ಹೊರಡಲು ಗುಡುಗುಟ್ಟುತ್ತಿತ್ತು. ತಮ್ಮ ಕಿಟಕಿಯ ಪಕ್ಕ, ಅವನ ಆಚೆ ನಾದಿನಿ, ಮಡಿಲಲ್ಲಿ ಬುತ್ತಿ. ತಮ್ಮ ತಲೆ ಹೊರಗೆ ಹಾಕಿ, ಮೂವತ್ತು ವರ್ಷ ದಪ್ಪ ಬಾಗಿಲಿನ ಹಿಂದಿನಿಂದ ಕೂಗಿದ ಅದೇ ದನಿಯಲ್ಲಿ ಕೂಗಿದ:

“ಅಕ್ಕಾ! ಉಸಿರು ಎಳ್ಕೋ!”

“ಏನ್ರೀ ಇದು, ಬಸ್ಸಲ್ಲೂ?” ಎಂದಳು ನಾದಿನಿ.

“ಅಭ್ಯಾಸ ಕಣೆ.”

ಅಕ್ಕ ಎದೆ ತುಂಬ ಉಸಿರು ಎಳೆದುಕೊಂಡಳು. ಬಸ್ಸು ಸರಿಯಿತು. ತಮ್ಮ ಹೆಂಡತಿಗೆ ಕಾಣದಂತೆ ಎದೆಯ ಮೇಲೆ, ಜೇಬು ಇದ್ದ ಜಾಗದಲ್ಲಿ, ಒಂದು ಬೆರಳಿಟ್ಟು ತೋರಿಸಿದ.

“ಹಿಡ್ಕೋ, ಅಕ್ಕಾ!”